ಗಂಟು ಮುಂದೆ, ಮನಸ್ಸು ಹಿಂದೆ: ನಂಬಿಕೆಗೆ ತಕ್ಕಂತೆ ಖರ್ಚು ಮಾಡಲು ಕ್ರೈಸ್ತರಿಗೊಂದು ಸಮಗ್ರ ಮಾರ್ಗದರ್ಶಿ

ಮತ್ತಾಯ 6:21ನ್ನು ನಾವು ಹೆಚ್ಚಾಗಿ ತಲೆಕೆಳಗಾಗಿ ಓದುತ್ತೇವೆ. ಮೊದಲು ಮನಸ್ಸು ಸರಿಹೋಗಲಿ, ಆಮೇಲೆ ಹಣ ತಾನಾಗಿ ಸರಿದಾರಿಗೆ ಬರುತ್ತದೆ ಎಂದುಕೊಳ್ಳುತ್ತೇವೆ. ಯೇಸುಸ್ವಾಮಿ ಹೇಳಿದ್ದು ಬೇರೆ: ಗಂಟು ಎಲ್ಲಿದೆಯೋ ಮನಸ್ಸೂ ಅಲ್ಲೇ ಇರುತ್ತದೆ. ಗಂಟು ಮುಂದೆ ಹೋಗುತ್ತದೆ, ಮನಸ್ಸು ಅದರ ಹಿಂದೆ ನಡೆಯುತ್ತದೆ. ಅನಾಥ ಮಕ್ಕಳ ಮೇಲೆ ಕನಿಕರ ಹುಟ್ಟಲಿ ಎಂದು ಕಾಯುತ್ತ ಕೂತವರಿಗಿಂತ, ತಿಂಗಳಿಗೆ ಇಷ್ಟು ಎಂದು ಕಳುಹಿಸಲು ಶುರುಮಾಡಿದವರಿಗೆ ಆ ಮಕ್ಕಳ ನೆನಪು ಹೆಚ್ಚು.

ಹಾಗಾಗಿ ಈ ಮಾರ್ಗದರ್ಶಿ ದಿನಾಂಕ, ಮೊತ್ತ, ಕ್ರಮಗಳಿಂದ ಶುರುವಾಗುತ್ತದೆ. ಪೂರ್ತಿ ಜಾರಿಗೆ ಬರಲು ಸುಮಾರು ಆರು ತಿಂಗಳು ಹಿಡಿಯುತ್ತದೆ. ಒಂದೇ ವಾರದಲ್ಲಿ ಮುಗಿಸಲು ಹೊರಟವರು ಸಾಮಾನ್ಯವಾಗಿ ಮೂರನೇ ತಿಂಗಳಿಗೆ ಕೈಬಿಡುತ್ತಾರೆ.

ಮೊದಲ ಹೆಜ್ಜೆ: ಕಳೆದ ಮೂರು ತಿಂಗಳ ಲೆಕ್ಕ

ನಿನ್ನ ಕುರಿಹಿಂಡಿನ ಸ್ಥಿತಿ ಚೆನ್ನಾಗಿ ತಿಳಿದುಕೋ ಎನ್ನುತ್ತದೆ ಜ್ಞಾನೋಕ್ತಿ 27:23. ಇಂದಿನಿಂದ ಲೆಕ್ಕ ಬರೆಯಲು ಶುರುಮಾಡಬೇಡಿ, ಹಿಂದಿನ 90 ದಿನಗಳದ್ದನ್ನು ತೆಗೆಯಿರಿ. ಬರೆಯುತ್ತಿದ್ದೇನೆ ಎಂದು ಗೊತ್ತಾದ ಕೂಡಲೇ ಕೈ ಬಿಗಿಯಾಗುತ್ತದೆ, ನಿಜ ಅಡಗುತ್ತದೆ. ಕಳೆದುಹೋದ ತಿಂಗಳುಗಳನ್ನು ಮಾತ್ರ ಯಾರೂ ತಿದ್ದಲಾರರು.

ಬ್ಯಾಂಕ್ ಸ್ಟೇಟ್‌ಮೆಂಟ್, ಕ್ರೆಡಿಟ್ ಕಾರ್ಡ್ ಬಿಲ್, ಫೋನಿನಿಂದ ಕಳುಹಿಸಿದ ಹಣದ ಪಟ್ಟಿ, ಮೂರನ್ನೂ ಮುಂದಿಟ್ಟುಕೊಳ್ಳಿ. ನಗದಿನ ಹಳೆಯ ಲೆಕ್ಕ ಸಿಗುವುದಿಲ್ಲ. ಎಟಿಎಂನಿಂದ ತೆಗೆದ ಮೊತ್ತವನ್ನು ‘ನಗದು’ ಎಂದು ಒಂದೇ ಸಾಲಿನಲ್ಲಿ ಬರೆದು, ಮುಂದಿನ 30 ದಿನ ಮಾತ್ರ ಜೇಬಿನಲ್ಲೊಂದು ಚಿಕ್ಕ ಪುಸ್ತಕ ಇಟ್ಟುಕೊಳ್ಳಿ. ವಿಮೆ, ಶಾಲಾ ಶುಲ್ಕ, ವಾಹನದ ರಿಪೇರಿಯಂಥ ವರ್ಷಕ್ಕೊಂದೆರಡು ಸಲ ಬರುವ ಖರ್ಚು ಈ ಮೂರು ತಿಂಗಳಲ್ಲಿ ಕಾಣದೇ ಹೋಗಬಹುದು. ಅದಕ್ಕೆ ಇಡೀ ವರ್ಷದ ಸ್ಟೇಟ್‌ಮೆಂಟ್ ಮೇಲೊಮ್ಮೆ ಕಣ್ಣಾಡಿಸಿ, ಅಂಥವನ್ನು ಬೇರೆ ಹಾಳೆಗೆ ಬರೆದುಕೊಳ್ಳಿ.

ನಾಲ್ಕು ಕಾಲಂ ಸಾಕು: ದಿನಾಂಕ, ಮೊತ್ತ, ಯಾರಿಗೆ, ಯಾಕೆ. ಕೊನೆಯದರಲ್ಲೇ ಎಲ್ಲವೂ ಇದೆ. ‘ಯಾಕೆ’ ಎಂಬಲ್ಲಿ ‘ಬಟ್ಟೆ’ ಎಂದು ಬರೆದರೆ ಏನೂ ತಿಳಿಯುವುದಿಲ್ಲ. ‘ಹಳೆಯ ಅಂಗಿ ಹರಿದಿತ್ತು’, ‘ಅರ್ಧ ಬೆಲೆಗೆ ಸಿಕ್ಕಿತು’, ‘ಆ ದಿನ ಆಫೀಸಿನಲ್ಲಿ ಅವಮಾನವಾಗಿತ್ತು’ — ಮೂರೂ ಅಂಗಿಯೇ, ಮೂರಕ್ಕೂ ಮದ್ದು ಬೇರೆ. ರಾತ್ರಿ ಹನ್ನೊಂದರ ನಂತರ ಫೋನಿನಲ್ಲಿ ಕೊಂಡ ವಸ್ತುಗಳಿಗೆ ಒಂದು ಗುರುತು ಹಾಕಿ ನೋಡಿ. ದಣಿವು, ಒಂಟಿತನ, ಹೊಟ್ಟೆಕಿಚ್ಚು ಎಷ್ಟು ಬಿಲ್ ಮಾಡಿವೆ ಎಂಬುದು ಅಲ್ಲೇ ಕಾಣಿಸುತ್ತದೆ.

ಆಮೇಲೆ ಪ್ರತಿ ಸಾಲಿಗೂ ಒಂದು ಪ್ರಶ್ನೆ: ಇದಕ್ಕಾಗಿ ದೇವರಿಗೆ ಬಾಯಿಬಿಟ್ಟು ಸ್ತೋತ್ರ ಹೇಳಬಲ್ಲೆನೇ? ಹೌದು, ಇಲ್ಲ, ಗೊತ್ತಿಲ್ಲ — ಮೂರರಲ್ಲಿ ಒಂದನ್ನು ಬರೆಯಿರಿ. ದೇವರು ಉಂಟುಮಾಡಿದ್ದನ್ನು ಸ್ತೋತ್ರದೊಂದಿಗೆ ತೆಗೆದುಕೊಳ್ಳಬೇಕು ಎಂದು 1 ತಿಮೊಥೆಯ 4:4 ಹೇಳುವುದರಿಂದ ಈ ಪರೀಕ್ಷೆ ‘ಇದು ಅಗತ್ಯವೇ’ ಎಂಬ ಪ್ರಶ್ನೆಗಿಂತ ನ್ಯಾಯವಾದದ್ದು. ಮಗಳೊಂದಿಗೆ ಕಳೆದ ಒಂದು ಸಂಜೆಯ ಖರ್ಚು ಅಗತ್ಯವಲ್ಲದಿರಬಹುದು, ಆದರೆ ಸ್ತೋತ್ರ ಹೇಳಬಹುದಾದದ್ದು.

ಎರಡನೇ ಹೆಜ್ಜೆ: ಮೌಲ್ಯಗಳನ್ನು ಕ್ರಿಯಾಪದದಲ್ಲಿ ಬರೆಯುವುದು

ನಾಲ್ಕು, ಹೆಚ್ಚೆಂದರೆ ಐದು. ಹನ್ನೆರಡು ಮೌಲ್ಯಗಳ ಪಟ್ಟಿ ಯಾವ ಖರ್ಚಿಗೂ ‘ಬೇಡ’ ಎನ್ನುವುದಿಲ್ಲ, ಏಕೆಂದರೆ ಹನ್ನೆರಡರಲ್ಲಿ ಒಂದಾದರೂ ಎಲ್ಲದಕ್ಕೂ ಸಮರ್ಥನೆ ಒದಗಿಸುತ್ತದೆ.

ಒಂದು ವಾರ ದಿನಕ್ಕೊಂದು ಭಾಗ ಓದಿ: ಲೂಕ 12:13-34, 1 ತಿಮೊಥೆಯ 6:6-19, ಯಾಜಕಕಾಂಡ 19:9-18, 2 ಕೊರಿಂಥ 8 ಮತ್ತು 9ನೇ ಅಧ್ಯಾಯಗಳು, ಜ್ಞಾನೋಕ್ತಿ 30:7-9, ಫಿಲಿಪ್ಪಿ 4:10-20. ಓದಿದ ಬಳಿಕ ಗಂಡ ಹೆಂಡತಿ ಬೇರೆ ಬೇರೆ ಕೂತು ಬರೆದು, ಆಮೇಲೆ ಹಾಳೆಗಳನ್ನು ಅದಲುಬದಲು ಮಾಡಿಕೊಳ್ಳಿ. ಒಟ್ಟಿಗೆ ಕೂತು ಬರೆದರೆ ಜೋರು ದನಿಯವರ ಮೌಲ್ಯವೇ ಮನೆಯ ಮೌಲ್ಯವಾಗಿಬಿಡುತ್ತದೆ.

‘ಔದಾರ್ಯ’ ಎಂಬುದು ಬರೀ ಪದ. ‘ನಮ್ಮ ಆದಾಯದ ಮೊದಲ ಪಾಲು ದೇವರ ಕೆಲಸಕ್ಕೂ ಬಡವರಿಗೂ ಹೋಗುತ್ತದೆ’ ಎಂಬುದು ಮೌಲ್ಯ. ‘ಕುಟುಂಬ’ ಎಂದರೆ ಸಾಲದು. ‘ವಯಸ್ಸಾದ ಅಪ್ಪ ಅಮ್ಮನ ಔಷಧಿಗೆ ಅವರು ಕೇಳುವ ಮೊದಲೇ ಹಣ ತಲುಪುತ್ತದೆ’ ಎಂದಾಗಬೇಕು. ‘ಅತಿಥಿಗಳಿಗೆ ನಮ್ಮ ಬಾಗಿಲು ತೆರೆದಿದೆ’, ‘ನಮಗಾಗಿ ದುಡಿದವರ ಕೂಲಿ ಒಂದು ದಿನವೂ ತಡವಾಗುವುದಿಲ್ಲ’ — ಹೀಗೆ. ಬರೆದ ಪ್ರತಿ ಸಾಲಿಗೂ ಲೆಕ್ಕದ ಪುಸ್ತಕದಲ್ಲಿ ಒಂದು ಗುರುತು ಇರಬೇಕು. ವಿಶ್ರಾಂತಿ, ಸರಳತೆಯಂಥವು ಮೊತ್ತದಲ್ಲಿ ಕಾಣುವುದಿಲ್ಲ. ಅವನ್ನು ದಿನಗಳಲ್ಲಿ ಅಳೆಯಿರಿ, ಉದಾಹರಣೆಗೆ ತಿಂಗಳಲ್ಲಿ ಏನನ್ನೂ ಕೊಳ್ಳದ ದಿನಗಳು ಎಷ್ಟು ಎಂದು.

ಇಲ್ಲಿ ಆಗುವ ದೊಡ್ಡ ತಪ್ಪು, ಮೆಚ್ಚುವ ಮೌಲ್ಯವನ್ನು ಬದುಕುವ ಮೌಲ್ಯ ಎಂದು ಬರೆದುಕೊಳ್ಳುವುದು. ಮಿಷನರಿ ಸೇವೆ ಪಟ್ಟಿಯ ತುದಿಯಲ್ಲಿದ್ದು, ಮೂರು ತಿಂಗಳ ಲೆಕ್ಕದಲ್ಲಿ ಅದರ ಸುಳಿವೇ ಇಲ್ಲದಿದ್ದರೆ, ಅದಕ್ಕೊಂದು ಮೊತ್ತ ಕೊಡಿ ಅಥವಾ ಸದ್ಯಕ್ಕೆ ಪಟ್ಟಿಯಿಂದ ತೆಗೆಯಿರಿ. ತೆಗೆಯುವುದರಲ್ಲಿ ಪಾಪವಿಲ್ಲ. ಇದೆ ಎಂದು ಹೇಳಿಕೊಂಡು ತಿರುಗುವುದರಲ್ಲಿ ಅಪಾಯವಿದೆ.

ಮೂರನೇ ಹೆಜ್ಜೆ: ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಡುವುದು

ತೆರಿಗೆ ಕಳೆದು ಕೈಗೆ ಬಂದ ಆದಾಯವನ್ನು 100 ಭಾಗ ಎಂದಿಟ್ಟುಕೊಂಡು ಪ್ರತಿ ಬಾಬ್ತನ್ನೂ ಭಾಗಗಳಲ್ಲಿ ಬರೆಯಿರಿ. ಒಂದು ಮನೆಯ ಲೆಕ್ಕ ಹೀಗಿದೆ ಎಂದುಕೊಳ್ಳಿ: ವಾಸದ ಖರ್ಚು 30, ಊಟ ಮತ್ತು ದಿನಬಳಕೆ 22, ಸಾಲದ ಕಂತು 16, ಓಡಾಟ 9, ಮಕ್ಕಳ ಓದು 8, ಬಟ್ಟೆ ಮತ್ತು ಹೊರಗಿನ ಊಟ 6, ಫೋನ್, ಇಂಟರ್‌ನೆಟ್, ಚಂದಾ 5, ಉಳಿತಾಯ 2.5, ಕಾಣಿಕೆ ಮತ್ತು ದಾನ 1.5.

ಈ ಮನೆಯವರ ಮೌಲ್ಯದ ಹಾಳೆಯಲ್ಲಿ ಔದಾರ್ಯ ಮೊದಲು, ಅತಿಥಿ ಸತ್ಕಾರ ಎರಡನೆಯದು. ಲೆಕ್ಕದಲ್ಲಿ ಔದಾರ್ಯ ಕಟ್ಟಕಡೆಗಿದೆ, ಅತಿಥಿಗಳ ಹೆಸರೇ ಇಲ್ಲ. ಇವರನ್ನು ಜಿಪುಣರು ಎಂದು ತೀರ್ಮಾನಿಸುವ ಮೊದಲು 16 ಭಾಗದ ಕಂತನ್ನು ಬಿಡಿಸಿ ನೋಡಬೇಕು. ಅದರಲ್ಲಿ 9 ಭಾಗ ಹೊಸ ಫೋನು, ಪೀಠೋಪಕರಣ, ನೆರೆಯವರ ಮುಂದೆ ತಲೆಯೆತ್ತಿ ನಿಲ್ಲಲು ಬದಲಾಯಿಸಿದ ವಾಹನಕ್ಕೆ ಹೋಗುತ್ತಿದ್ದರೆ, ಎರಡು ವರ್ಷದ ಹಿಂದಿನ ತೀರ್ಮಾನಗಳು ಇಂದಿನ ಔದಾರ್ಯವನ್ನು ತಿನ್ನುತ್ತಿವೆ ಎಂದರ್ಥ. ಇವರಿಗೆ ದಾನದ ಮೇಲೆ ಇನ್ನೊಂದು ಪ್ರಸಂಗ ಬೇಕಿಲ್ಲ. ಸಾಲ ತೀರಿಸುವ ದಾರಿ ಬೇಕು. ಎರಡು ಹಾಳೆಗಳು ಹೊಂದದಿದ್ದಾಗ ಕಾರಣ ಎಲ್ಲಿದೆ ಎಂದು ಹೀಗೆ ಹುಡುಕುವುದೇ ಈ ಹೆಜ್ಜೆಯ ಕೆಲಸ. ‘ಇತರೆ’ ಎಂಬ ಬಾಬ್ತು 5 ಭಾಗ ದಾಟಿದರೆ ಅದನ್ನೂ ಒಡೆದು ನೋಡಿ.

ನಾಲ್ಕನೇ ಹೆಜ್ಜೆ: ಹಣ ಬಂದ ದಿನದ ಕ್ರಮ

ತಿಂಗಳ ಕೊನೆಯಲ್ಲಿ ಉಳಿದದ್ದನ್ನು ಕೊಡುತ್ತೇನೆ ಎಂದರೆ ಉಳಿಯುವುದಿಲ್ಲ. ಜ್ಞಾನೋಕ್ತಿ 3:9 ಪ್ರಥಮಫಲದ ಮಾತಾಡುತ್ತದೆ. ವಾರದ ಮೊದಲನೆಯ ದಿನ ಪ್ರತಿಯೊಬ್ಬರೂ ತಮ್ಮ ಸಂಪಾದನೆಗೆ ತಕ್ಕಂತೆ ತೆಗೆದಿಡಲಿ ಎಂದು 1 ಕೊರಿಂಥ 16:2ರಲ್ಲಿ ಪೌಲ ಬರೆಯುತ್ತಾನೆ. ದಿನ ಗೊತ್ತುಮಾಡಿದ್ದಾನೆ, ಪ್ರಮಾಣಕ್ಕೆ ಆಧಾರ ಹೇಳಿದ್ದಾನೆ, ತಾನು ಬಂದಾಗ ಗಡಿಬಿಡಿಯಲ್ಲಿ ಕೂಡಿಸುವುದು ಬೇಡ ಎಂದಿದ್ದಾನೆ. ಸಂಬಳ ಬಂದ ದಿನವೇ ಆ ಪಾಲು ಬೇರೆ ಖಾತೆಗೆ ತಾನಾಗಿ ಹೋಗುವಂತೆ ಬ್ಯಾಂಕಿಗೆ ಸೂಚನೆ ಕೊಟ್ಟಿಡಿ.

ಎಷ್ಟು? ಹಳೆಯ ಒಡಂಬಡಿಕೆಯಲ್ಲಿ ದಶಮಾಂಶವಿದೆ, ಅಂದರೆ ಹತ್ತರಲ್ಲಿ ಒಂದು ಪಾಲು. ಹೊಸ ಒಡಂಬಡಿಕೆ ಕ್ರೈಸ್ತರಿಗೆ ಇಷ್ಟೇ ಎಂದು ಪ್ರಮಾಣ ಕಟ್ಟಿಕೊಟ್ಟಿಲ್ಲ. ಪ್ರತಿಯೊಬ್ಬನೂ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಂತೆ ಸಂತೋಷದಿಂದ ಕೊಡಲಿ ಎನ್ನುತ್ತದೆ 2 ಕೊರಿಂಥ 9:7. ‘ನಿಶ್ಚಯಿಸಿಕೊಂಡಂತೆ’ ಎಂಬ ಮಾತನ್ನು ಗಮನಿಸಿ. ಆ ಕ್ಷಣದ ಉಕ್ಕುವಿಕೆಗೆ ಅಲ್ಲಿ ಜಾಗವಿಲ್ಲ. ಇಂದು 3 ಭಾಗ ಕೊಡುತ್ತಿರುವವರು ಮೂರು ತಿಂಗಳಿಗೊಮ್ಮೆ ಒಂದೊಂದು ಭಾಗ ಏರಿಸಿದರೆ 21 ತಿಂಗಳಲ್ಲಿ 10ಕ್ಕೆ ಮುಟ್ಟುತ್ತಾರೆ. ಒಮ್ಮೆಗೇ ಹಾರಿ, ನಾಲ್ಕನೇ ತಿಂಗಳು ಬಾಡಿಗೆಗೆ ಸಾಲ ಮಾಡುವುದಕ್ಕಿಂತ ಇದು ನಿಲ್ಲುವ ದಾರಿ. ಮನಸ್ಸಿದ್ದರೆ ಇರುವುದಕ್ಕೆ ತಕ್ಕಂತೆ ಕೊಟ್ಟದ್ದು ಮೆಚ್ಚಿಕೆಯಾಗುತ್ತದೆ, ಇಲ್ಲದ್ದನ್ನು ಕೇಳುವುದಿಲ್ಲ ಎಂದು 2 ಕೊರಿಂಥ 8:12ರಲ್ಲೇ ಇದೆ. ಸಾಲ ತೆಗೆದು ಕಾಣಿಕೆ ಹಾಕಿದರೆ ಹತ್ತುಪಟ್ಟು ಬರುತ್ತದೆ ಎಂದು ಯಾರಾದರೂ ವೇದಿಕೆಯಿಂದ ಹೇಳಿದರೆ ಈ ವಚನವನ್ನು ನೆನೆಯಿರಿ.

ಆ ಖಾತೆಯನ್ನು ಮೂರು ಪಾಲು ಮಾಡುವುದು ಒಳ್ಳೆಯದು. ಹತ್ತರಲ್ಲಿ ಆರು ನಿಮ್ಮ ಸಭೆಗೆ, ಮೂರು ಬಡವರ ಕೆಲಸಕ್ಕೆ, ಒಂದು ಪಾಲು ದಾರಿಯಲ್ಲಿ ಥಟ್ಟನೆ ಎದುರಾಗುವ ಕಷ್ಟಕ್ಕೆ. ಕೊನೆಯ ಪಾಲು ಇಲ್ಲದವರು ಯಾರಾದರೂ ಕೈಚಾಚಿದಾಗ ಲೆಕ್ಕ ಹಾಕುತ್ತ ನಿಲ್ಲುತ್ತಾರೆ. ಇರುವವರು ಮುಖ ನೋಡಿ ಮಾತಾಡುತ್ತಾರೆ. ಹೊಲದ ಅಂಚನ್ನು ಪೂರ್ತಿ ಕೊಯ್ಯದೆ ಬಡವನಿಗೂ ಪರದೇಶಿಗೂ ಬಿಡಬೇಕೆಂಬ ಯಾಜಕಕಾಂಡದ ನಿಯಮಕ್ಕೆ ಇದು ಹತ್ತಿರದ ರೂಪ. ಸಂಸ್ಥೆಗಳಿಗೆ ಕೊಡುವಾಗ ಲೆಕ್ಕಪತ್ರ ಕೇಳಲು ಸಂಕೋಚ ಬೇಡ. ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣವನ್ನು ಒಯ್ಯುವಾಗ ಯಾರೂ ತಪ್ಪು ಹುಡುಕದಿರಲೆಂದು ಪೌಲನೇ ಬೇರೆಯವರನ್ನು ಜೊತೆಗೆ ಸೇರಿಸಿಕೊಂಡಿದ್ದ (2 ಕೊರಿಂಥ 8:20-21).

ಒಂದು ಎಚ್ಚರಿಕೆ. ಮಾರ್ಕ 7:9-13ರಲ್ಲಿ ‘ಕೊರ್ಬಾನ್’ ಎಂದು ಹೇಳಿ, ಅಂದರೆ ದೇವರಿಗೆ ಮೀಸಲು ಎಂದು ಹೇಳಿ, ತಂದೆತಾಯಿಗೆ ಕೊಡಬೇಕಾದದ್ದನ್ನು ತಪ್ಪಿಸುವವರನ್ನು ಸ್ವಾಮಿ ಕಟುವಾಗಿ ಗದರಿಸುತ್ತಾನೆ. ಸ್ವಂತ ಮನೆಯವರನ್ನು ನೋಡಿಕೊಳ್ಳದವನು ನಂಬದವನಿಗಿಂತ ಕೀಳು ಎಂದು 1 ತಿಮೊಥೆಯ 5:8 ಹೇಳುತ್ತದೆ. ಅಮ್ಮನ ಔಷಧಿ ನಿಲ್ಲಿಸಿ ಕಟ್ಟಡ ನಿಧಿಗೆ ಕೊಟ್ಟದ್ದು ಕಾಣಿಕೆಯಲ್ಲ.

ಕಾಣಿಕೆಯ ಪಾಲು ಬೇರೆ ಆದ ಮೇಲೆ ಕೊಡಬೇಕಾದವರದ್ದು: ತೆರಿಗೆ, ಬಾಡಿಗೆ, ಮನೆಗೆಲಸದವರ ಸಂಬಳ. ಕೂಲಿಯವನ ಕೂಲಿ ಬೆಳಗಿನವರೆಗೂ ನಿನ್ನಲ್ಲಿ ಇರಬಾರದು ಎಂಬುದು ಯಾಜಕಕಾಂಡ 19:13. ಅನಂತರ ಮನೆಯ ಅಗತ್ಯಗಳು. ವರ್ಷದ ಖರ್ಚುಗಳ ಆ ಬೇರೆ ಹಾಳೆಯ ಮೊತ್ತವನ್ನು 12ರಿಂದ ಭಾಗಿಸಿ, ಬಂದದ್ದನ್ನು ಪ್ರತಿ ತಿಂಗಳು ತೆಗೆದಿಡಿ. ‘ಅನಿರೀಕ್ಷಿತ ಖರ್ಚು’ ಎಂದು ನಾವು ಕರೆಯುವುದರಲ್ಲಿ ಬಹುಪಾಲು ಪ್ರತಿ ವರ್ಷ ತಪ್ಪದೆ ಬರುವಂಥದ್ದು.

ಐದನೇ ಹೆಜ್ಜೆ: ಸಾಲ

ಸಾಲಗಾರನು ಸಾಲ ಕೊಟ್ಟವನಿಗೆ ಸೇವಕ (ಜ್ಞಾನೋಕ್ತಿ 22:7). ಇದನ್ನು ಲೆಕ್ಕದಲ್ಲಿ ನೋಡಿ. ತಿಂಗಳಿಗೆ ಶೇ. 3 ಬಡ್ಡಿಯ ಕಾರ್ಡ್ ಬಾಕಿ 100 ಇದ್ದು ಏನೂ ಕಟ್ಟದೆ ಬಿಟ್ಟರೆ, ಬಡ್ಡಿಗೆ ಬಡ್ಡಿ ಸೇರಿ ವರ್ಷದ ಕೊನೆಗೆ 142 ದಾಟುತ್ತದೆ. ಇಂಥ ಸಾಲ ಇಟ್ಟುಕೊಂಡು ಬೇರೆಡೆ ಉಳಿತಾಯ ಮಾಡುವುದರಲ್ಲಿ ಅರ್ಥವಿಲ್ಲ. ಒಂದು ತಿಂಗಳ ಖರ್ಚಿನಷ್ಟು ಹಣ ಆಪತ್ತಿಗೆಂದು ಇಟ್ಟು, ಮಿಕ್ಕಿದ್ದನ್ನೆಲ್ಲ ಅತಿ ಹೆಚ್ಚು ಬಡ್ಡಿಯ ಸಾಲಕ್ಕೆ ಹಾಕಿ. ಉಳಿದವುಗಳಿಗೆ ಕನಿಷ್ಠ ಕಂತು ಕಟ್ಟುತ್ತಿರಿ. ಅತಿ ಚಿಕ್ಕ ಸಾಲವನ್ನು ಮೊದಲು ಮುಗಿಸುವ ಕ್ರಮವೂ ಇದೆ. ಬಡ್ಡಿ ತುಸು ಹೆಚ್ಚು ಹೋದರೂ, ಹಲವು ಸಾಲಗಳ ನಡುವೆ ಧೈರ್ಯಗೆಟ್ಟವರಿಗೆ ಅದೇ ಒಳ್ಳೆಯದು.

ಸಾಲ ತೀರುವವರೆಗೆ ಕಾಣಿಕೆ ನಿಲ್ಲಿಸಬೇಕೇ? ಸೊನ್ನೆ ಮಾಡಬೇಡಿ, ಪ್ರಮಾಣ ಇಳಿಸಬಹುದು. ಆದರೆ ನಿಮ್ಮ ಸಾಲ ನಿಮಗಿಂತ ಬಡವರೊಬ್ಬರಿಗೆ ಸೇರಬೇಕಾದದ್ದಾದರೆ, ಅದು ದಾನಕ್ಕಿಂತ ಮೊದಲು. ಸುಂಕ ವಸೂಲಿಯ ಜಕ್ಕಾಯ ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುತ್ತೇನೆ ಎಂದು ಸುಮ್ಮನಾಗಲಿಲ್ಲ; ಅನ್ಯಾಯವಾಗಿ ಕಿತ್ತುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದೂ ಹೇಳಿದ.

ಇನ್ನೊಬ್ಬರ ಸಾಲಕ್ಕೆ ಜಾಮೀನು ಹಾಕಲು ಕೇಳಿದಾಗ ಜ್ಞಾನೋಕ್ತಿ 6:1-5 ಓದಿ, ಒಂದೇ ಪ್ರಶ್ನೆ ಕೇಳಿಕೊಳ್ಳಿ: ಪೂರ್ತಿ ಮೊತ್ತ ನಾನೇ ಕಟ್ಟಬೇಕಾಗಿ ಬಂದರೆ ಈ ಸಂಬಂಧ ಉಳಿಯುತ್ತದೆಯೇ? ಇಲ್ಲ ಎಂದಾದರೆ ಸಹಿ ಬೇಡ. ಕೈಲಾದಷ್ಟು ಹಣವನ್ನು ಉಡುಗೊರೆಯಾಗಿಯೇ ಕೊಟ್ಟುಬಿಡಿ.

ಆರನೇ ಹೆಜ್ಜೆ: ಕೊಳ್ಳುವ ಮುನ್ನ ಬಾಗಿಲು ಮುಚ್ಚುವುದು

ಬೆಲೆಯನ್ನು ಗಂಟೆಗಳಿಗೆ ತಿರುಗಿಸಿ ನೋಡುವ ಅಭ್ಯಾಸ ಬಹಳ ಕೆಲಸ ಮಾಡುತ್ತದೆ. ಸಂಬಳ 100 ಭಾಗ, ಕೆಲಸಕ್ಕೆ ಹೋಗಿಬರುವ ಖರ್ಚು 15 ಭಾಗ ಎಂದಾದರೆ ನಿಜಕ್ಕೂ ಸಿಕ್ಕಿದ್ದು 85. ತಿಂಗಳಿಗೆ 160 ಗಂಟೆ ದುಡಿಮೆ, 40 ಗಂಟೆ ಪ್ರಯಾಣ, ಒಟ್ಟು 200. ಗಂಟೆಗೆ 0.425 ಭಾಗ. 17 ಭಾಗ ಬೆಲೆಯ ಫೋನ್ ಎಂದರೆ 40 ಗಂಟೆ. ದೇವರು ಕೊಟ್ಟ ಆಯುಸ್ಸಿನ ಅಷ್ಟು ಗಂಟೆಗಳನ್ನು ಈ ವಸ್ತುವಿಗೆ ಕೊಡುತ್ತೇನೆಯೇ? ಕೆಲವೊಮ್ಮೆ ಉತ್ತರ ಹೌದು. ಆಗ ನೆಮ್ಮದಿಯಿಂದ ಕೊಳ್ಳಿ.

ಆದಾಯದ ಒಂದು ಭಾಗಕ್ಕಿಂತ ಹೆಚ್ಚಿನ, ಯೋಜಿಸಿರದ ಖರೀದಿಗೆ 24 ಗಂಟೆ ಕಾಯಿರಿ. 5 ಭಾಗ ದಾಟಿದರೆ 30 ದಿನ.

ಕಾಯುವುದಕ್ಕೆ ಬರೀ ಸಂಕಲ್ಪ ಸಾಲುವುದಿಲ್ಲ. ಸಬ್ಬತ್ತಿನಲ್ಲಿ, ಅಂದರೆ ವಾರದ ವಿಶ್ರಾಂತಿ ದಿನದಲ್ಲಿ, ಯೆರೂಸಲೇಮಿನೊಳಗೆ ವ್ಯಾಪಾರ ನಡೆಯುವುದನ್ನು ಕಂಡ ಅಧಿಪತಿ ನೆಹೆಮೀಯ ಹಿರಿಯರನ್ನು ಗದರಿಸಿದ, ಅಷ್ಟಕ್ಕೇ ಬಿಡಲಿಲ್ಲ. ಕತ್ತಲಾಗುತ್ತಲೇ ಊರಬಾಗಿಲು ಮುಚ್ಚಿಸಿ ಕಾವಲು ಹಾಕಿದ. ವ್ಯಾಪಾರಿಗಳು ಒಂದೆರಡು ಸಲ ಗೋಡೆಯ ಹೊರಗೆ ರಾತ್ರಿ ಕಳೆದು, ಅವನು ಎಚ್ಚರಿಸಿದ ಮೇಲೆ ಬರುವುದನ್ನೇ ಬಿಟ್ಟರು (ನೆಹೆಮೀಯ 13:15-22). ನಮ್ಮ ಊರಬಾಗಿಲು ಫೋನಿನಲ್ಲಿದೆ. ಶಾಪಿಂಗ್ ಆ್ಯಪ್‌ಗಳ ನೋಟಿಫಿಕೇಶನ್ ನಿಲ್ಲಿಸಿ, ಉಳಿಸಿಟ್ಟ ಕಾರ್ಡ್ ವಿವರ ಅಳಿಸಿ, ರಿಯಾಯಿತಿಯ ಇಮೇಲ್‌ಗಳಿಂದ ಹೊರಬನ್ನಿ. ವಾರಕ್ಕೆ ಒಂದು ದಿನ, ಭಾನುವಾರವಾದರೆ ಒಳ್ಳೆಯದು, ಏನನ್ನೂ ಕೊಳ್ಳದ ದಿನವೆಂದು ಗೊತ್ತುಮಾಡಿ.

ಸಾಕು ಎಂಬ ಗೆರೆ, ಸಂತೋಷದ ಪಾಲು

ಉಳಿತಾಯ ಎಲ್ಲಿ ವಿವೇಕ, ಎಲ್ಲಿ ದುರಾಸೆ? ಇರುವೆಯನ್ನು ನೋಡಿ ಕಲಿ ಎನ್ನುವುದೂ ಬೈಬಲ್ಲೇ, ಕಣಜ ಕೆಡವಿ ಇನ್ನೂ ದೊಡ್ಡದು ಕಟ್ಟಿಸಲು ಹೊರಟವನನ್ನು ಬುದ್ಧಿಹೀನ ಎನ್ನುವುದೂ ಬೈಬಲ್ಲೇ. ಪ್ರತಿ ಉಳಿತಾಯಕ್ಕೂ ಒಂದು ಉದ್ದೇಶ, ಒಂದು ಮೇಲ್ಮಿತಿ ಬರೆದಿಡಿ. ಆಪತ್ತಿನ ನಿಧಿಗೆ ಮೂರರಿಂದ ಆರು ತಿಂಗಳ ಖರ್ಚು, ಮಕ್ಕಳ ಓದಿಗೆ ಇಷ್ಟು, ಮುಪ್ಪಿಗೆ ಇಷ್ಟು. ಮಿತಿ ತುಂಬಿದ ಮೇಲೆ ಹಣ ಎಲ್ಲಿಗೆ ಹೋಗಬೇಕೆಂದೂ ಈಗಲೇ ಬರೆಯಿರಿ, ಏಕೆಂದರೆ ತುಂಬಿದ ದಿನ ನಾವು ಕಣಜವನ್ನೇ ದೊಡ್ಡದು ಮಾಡುತ್ತೇವೆ.

ಬದುಕಿನ ಮಟ್ಟಕ್ಕೂ ಹೀಗೇ ಗೆರೆ ಎಳೆಯಬಹುದು. ಮೆಥೊಡಿಸ್ಟ್ ಚಳವಳಿಗೆ ನಾಂದಿ ಹಾಡಿದ 18ನೇ ಶತಮಾನದ ಇಂಗ್ಲಿಷ್ ಬೋಧಕ ಜಾನ್ ವೆಸ್ಲಿ ಆಕ್ಸ್‌ಫರ್ಡಿನ ಒಬ್ಬ ಯುವಕನ ಲೆಕ್ಕ ಹೇಳುತ್ತಿದ್ದರು. ಅದು ಅವರದ್ದೇ ಎಂದು ಸಾಮಾನ್ಯವಾಗಿ ಒಪ್ಪುತ್ತಾರೆ. ವರ್ಷಕ್ಕೆ 30 ಪೌಂಡ್ ಬಂದಾಗ 28ರಲ್ಲಿ ಬದುಕಿ 2 ಕೊಟ್ಟ. 60 ಬಂದಾಗಲೂ 28ರಲ್ಲೇ ಬದುಕಿ 32 ಕೊಟ್ಟ. 90ಕ್ಕೆ 62, 120ಕ್ಕೆ 92. ಸಂಸಾರಸ್ಥರಿಗೆ ಇಷ್ಟು ಬಿಗಿ ಆಗದು. ಸಂಬಳ ಏರಿದಾಗಲೆಲ್ಲ ಏರಿಕೆಯ ಅರ್ಧವನ್ನಾದರೂ ಮನೆ ಖರ್ಚಿಗೆ ತಾಗಿಸದೆ ದಾನಕ್ಕೋ ಸಾಲಕ್ಕೋ ಒಯ್ಯುವುದು ಆಗುವ ಮಾತು.

ಸಂತೋಷಕ್ಕೂ ಒಂದು ಪಾಲಿರಲಿ. ಧರ್ಮೋಪದೇಶಕಾಂಡ 14ನೇ ಅಧ್ಯಾಯದ ದಶಮಾಂಶವನ್ನು ಜನರು ದೇವರ ಸನ್ನಿಧಿಯಲ್ಲಿ ಮನೆಮಂದಿಯೊಂದಿಗೆ ಉಂಡು ಸಂತೋಷಪಡಬೇಕಿತ್ತು. ಮೂರನೆಯ ವರ್ಷ ಅದು ದೇವರ ಸೇವೆಗೆ ಮೀಸಲಾದ ಲೇವಿಯರು, ಪರದೇಶಿಗಳು, ಅನಾಥರು, ವಿಧವೆಯರಿಗೆ. ಹಬ್ಬವನ್ನು ಪೂರ್ತಿ ಕತ್ತರಿಸಿದ ಬಜೆಟ್ ಎರಡು ತಿಂಗಳು ಬಾಳುತ್ತದೆ, ಮೂರನೆಯ ತಿಂಗಳು ಸೇಡು ತೀರಿಸಿಕೊಳ್ಳುತ್ತದೆ.

ಗಂಡ ಹೆಂಡತಿ ಇಬ್ಬರಿಗೂ ಲೆಕ್ಕ ಕೇಳದ ಒಂದೊಂದು ಚಿಕ್ಕ ಮೊತ್ತವಿರಲಿ, ಸಮನಾಗಿ. ಅದು ಬಿಟ್ಟರೆ ಬಚ್ಚಿಟ್ಟ ಖರ್ಚು ಇರಬಾರದು. ಅನನೀಯ ಮತ್ತು ಸಪ್ಫೈರ ದಂಪತಿ ಭೂಮಿ ಮಾರಿ, ಹಣದಲ್ಲಿ ಸ್ವಲ್ಪ ಬಚ್ಚಿಟ್ಟು, ಪೂರ್ತಿ ತಂದಂತೆ ತೋರಿಸಿಕೊಂಡರು. ಅವರ ತಪ್ಪು ಕಡಿಮೆ ಕೊಟ್ಟದ್ದಲ್ಲ. ಮಾರಿದ ಮೇಲೂ ಹಣ ನಿನ್ನ ವಶದಲ್ಲೇ ಇತ್ತಲ್ಲವೇ ಎಂದು ಪೇತ್ರ ಕೇಳುತ್ತಾನೆ (ಅಪೊಸ್ತಲರ ಕೃತ್ಯಗಳು 5:4). ತಪ್ಪು ಸುಳ್ಳಿನಲ್ಲಿತ್ತು.

ಪ್ರಾರ್ಥನೆಯೊಂದಿಗೆ ಮರುಪರಿಶೀಲನೆ

ವಾರಕ್ಕೆ 20 ನಿಮಿಷ, ತಿಂಗಳಿಗೆ ಒಂದು ಗಂಟೆ. ಜೆಸ್ವಿಟ್ ಸಂನ್ಯಾಸಿ ಸಭೆಯನ್ನು ಸ್ಥಾಪಿಸಿದ 16ನೇ ಶತಮಾನದ ಇಗ್ನೇಷಿಯಸ್ ಲೊಯೊಲಾ ಕಲಿಸಿದ ಆತ್ಮಪರಿಶೀಲನೆಯ ಕ್ರಮ ಇಲ್ಲಿ ಚೆನ್ನಾಗಿ ಹೊಂದುತ್ತದೆ: ಮೊದಲು ಕೃತಜ್ಞತೆ, ಬಳಿಕ ಬೆಳಕಿಗಾಗಿ ಬೇಡಿಕೆ, ಆಮೇಲೆ ಲೆಕ್ಕದ ಮೇಲೆ ಕಣ್ಣು, ತಪ್ಪಿಗೆ ಕ್ಷಮೆ, ಮುಂದಿನ ತಿಂಗಳಿಗೆ ಒಂದೇ ಒಂದು ಬದಲಾವಣೆ. ಲೆಕ್ಕದಿಂದಲೇ ಶುರುಮಾಡಿದರೆ ಹತ್ತು ನಿಮಿಷದಲ್ಲಿ ಅದು ಜಗಳವಾಗುತ್ತದೆ. ಮೌಲ್ಯಗಳ ಹಾಳೆಯನ್ನು ವರ್ಷಕ್ಕೊಮ್ಮೆ ತಿದ್ದಿದರೆ ಸಾಕು. ಈಸ್ಟರ್‌ಗೆ ಮುಂಚಿನ ಉಪವಾಸ ಕಾಲವಾದ ಲೆಂಟ್ ದಿನಗಳು ಅದಕ್ಕೆ ತಕ್ಕ ಕಾಲ.

ಆದಾಯ ನಿಂತಾಗ

ಕೆಲಸ ಹೋದರೆ ಅಥವಾ ಕಾಯಿಲೆ ಬಂದರೆ ಏನು ಮಾಡಬೇಕೆಂದು ಈಗಲೇ ಬರೆದಿಡಿ, ಗಾಬರಿಯಲ್ಲಿ ಬರೆದದ್ದು ನಿಲ್ಲುವುದಿಲ್ಲ. ಮೊದಲು ಹೋಗುವುದು ಚಂದಾಗಳು ಮತ್ತು ಹೊರಗಿನ ಊಟ, ಆಮೇಲೆ ಹೆಚ್ಚುವರಿ ಸಾಲ ಪಾವತಿ, ಆಮೇಲೆ ಉಳಿತಾಯ. ಕಾಣಿಕೆಯನ್ನು ಪ್ರಮಾಣದಲ್ಲಿ ನಿಶ್ಚಯಿಸಿದ್ದರೆ ಅದು ಆದಾಯದೊಂದಿಗೆ ತಾನೇ ಇಳಿಯುತ್ತದೆ, ಅಪರಾಧ ಪ್ರಜ್ಞೆ ಬೇಡ. ಕೂಲಿಯವರ ಬಾಕಿ ಮಾತ್ರ ಉಳಿಸಬೇಡಿ. ಮುಂದುವರಿಸಲು ಆಗದಿದ್ದರೆ ಮೊದಲೇ ಹೇಳಿ.

ಕೊಡುವುದನ್ನು ಕಲಿತವರಿಗೆ ತೆಗೆದುಕೊಳ್ಳುವುದು ಕಷ್ಟ. ಈಗ ನಿಮ್ಮ ಸಮೃದ್ಧಿ ಅವರ ಕೊರತೆಗೆ, ಮುಂದೊಮ್ಮೆ ಅವರ ಸಮೃದ್ಧಿ ನಿಮ್ಮ ಕೊರತೆಗೆ ಎಂದು 2 ಕೊರಿಂಥ 8:14ರಲ್ಲಿ ಎರಡೂ ಕಡೆಯ ಮಾತಿದೆ. ಅಂಥ ತಿಂಗಳು ಬಂದರೆ ಸಭೆಯಲ್ಲಿ ಯಾರಿಗೆ ಮೊದಲು ಹೇಳುತ್ತೀರಿ ಎಂದು ಇಂದೇ ಯೋಚಿಸಿ, ಆ ಹೆಸರನ್ನು ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಫೋನ್ ನಂಬರಿನ ಸಮೇತ ಬರೆದಿಡಿ. ಪುಸ್ತಕ ಎಲ್ಲಿದೆ ಎಂದು ಮನೆಯವರಿಗೂ ತೋರಿಸಿ.